ಕೆಂಪಾಪುರದ ಬಾಲ್ಕನಿ

ಮಕ್ಕಳ ಅಜ್ಜಿಗೆ ಸ್ಫೂರ್ತಿಯ ನಮಸ್ಕಾರಗಳು.

ನೀವು ನನ್ನ ಫೋನ್ ತೆಗೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮದುವೆಯಾದ ತಕ್ಷಣ ನಾನೇ ಹಟ ಹಿಡಿದು ಕೆಂಪಾಪುರದ ಈ ಮನೆ ಆರಿಸಿದೆ. ಎಷ್ಟು ಮುದ್ದಾದ ಮನೆ ಅಮ್ಮಾ! ಸ್ಕೂಲಿಗೆ ನಡೆದೇ ಹೋಗಬಹುದು, ಮಕ್ಕಳ ರೂಮಿಗೇ ಬಾಲ್ಕನಿ! ಮೊನ್ನೆ ಹಾಲುಕ್ಕಿಸಿ, ಕುಣಿಯುತ್ತಾ ಅದರ ಬಾಗಿಲು ತೆರೆದೆ. ಬಿಂದು ಎದುರಿನ ಕಟ್ಟಡದತ್ತ ಕೈ ಮಾಡಿ ತಮ್ಮನಿಗೆ ತೋರಿಸಿದಳು: "ಅಮ್ಮ ಹೋಗ್ಬಿಟ್ಟಿದ್ದು ಆ ಆಸ್ಪತ್ರೇಲೇ ಕಣೋ."

ಇವರಿಗೆ ಗೊತ್ತಿತ್ತಂತೆ. ನನ್ನ ಖುಷಿ ನೋಡಿ ಸುಮ್ಮನಿದ್ದರಂತೆ.

ದಪ್ಪ ಪರದೆ ಹಾಕಿದೆ. "ತೆಗೀರಿ ಆಂಟಿ, ಅಮ್ಮಂಗೆ ನಾವು ಕಾಣಲ್ಲ," ಎಂದು ಚಿಕ್ಕವನು ಅತ್ತ. ಯಲಹಂಕದಲ್ಲಿ ಬೇರೆ ಮನೆ ನೋಡೋಣವೆಂದರೆ ಇಬ್ಬರೂ ಊಟ ಬಿಟ್ಟಿದ್ದಾರೆ. ಇಲ್ಲೇ ಇದ್ದರೆ ನಿದ್ದೆ ಮಾಡುವುದಿಲ್ಲ.

ನಿಮ್ಮ ಮಗಳ ಮಕ್ಕಳಿಗಾಗಿ ದಯವಿಟ್ಟು ಬನ್ನಿ. ಲಿಫ್ಟ್ ಇದೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ, ಬಾಗಿಲು ಬಿಂದುವೇ ತೆರೆಯುತ್ತಾಳೆ.

ಇಂತಿ,
ಸ್ಫೂರ್ತಿ