ಪುಟ್ಟಗಂಗಮ್ಮ ಬೋರಲು ಹಾಕಿದ ಲೋಟ

ರಸ್ತೆ ಅಗಲೀಕರಣದ ಮಾನ್ಯ ಅಧಿಕಾರಿಗಳೇ,

ಕೋರ್ಟಿನ ಎದುರಿನ ಪುಟ್ಟಗಂಗಮ್ಮನ ಹೋಟೆಲಿನ ಜಗಲಿಯನ್ನು ಹೋದ ವಾರ ಜೆಸಿಬಿಯಿಂದ ಕೆಡವಿಸಿದಿರಿ. ಉಳಿದದ್ದು ಬರುವ ಸೋಮವಾರಕ್ಕಂತೆ. ರಸ್ತೆ ಅಗಲವಾಗಲಿ, ಸಂತೋಷ. ಆದರೆ ಅಲ್ಲಿ ನಿಂತು, "ಇದೇನು ಅರಮನೆಯೇ? ಇದಕ್ಕೆಂಥ ಇತಿಹಾಸ?" ಎಂದು ನಕ್ಕಿರಲ್ಲ, ಹೊಟ್ಟೆ ಉರಿದದ್ದು ಅದಕ್ಕೆ.

ಅರಮನೆಗಳ ಇತಿಹಾಸದಲ್ಲಿ ದೊರೆಗಳು ಗೆದ್ದದ್ದಿರುತ್ತದೆ. ಈ ಹೋಟೆಲಿನ ಇತಿಹಾಸದಲ್ಲಿ ಅಧಿಕಾರಿಗಳು ಸೋತದ್ದಿದೆ. ಕೆಲಸದವರನ್ನು ಯಾರೇ ಗದರಲಿ, ಗಂಗಮ್ಮ ಜಗಳಕ್ಕಿಳಿಯುವುದಿಲ್ಲ. ಗದರಿದವರ ಮುಂದೆ ಲೋಟ ಬೋರಲು ಹಾಕುತ್ತಾರೆ. ತಪ್ಪಾಯಿತೆನ್ನುವ ತನಕ ಕಾಫಿಯಿಲ್ಲ. ೧೯೯೬ರಲ್ಲಿ ತಮ್ಮದೇ ಕುರ್ಚಿಯಲ್ಲಿದ್ದ ಮಹಾಶಯರೊಬ್ಬರು, ಟೇಬಲ್ ಒರೆಸುತ್ತಿದ್ದ ಕಲ್ಲಮ್ಮನಿಗೆ "ಏಯ್, ಕಣ್ ಕಾಣಲ್ವಾ?" ಎಂದರು. ಲೋಟ ಬೋರಲಾಯಿತು.

"ನಾನ್ಯಾರು ಗೊತ್ತೇನಮ್ಮಾ?"

"ಗೊತ್ತು ಸ್ವಾಮಿ. ಅದ್ಕೇ ದೊಡ್ ಲೋಟ ಹಾಕಿವ್ನಿ."

ಪಕ್ಕದ ಟೇಬಲಿನಲ್ಲಿದ್ದ ನಾನು ತಟ್ಟೆ ಇಡ್ಲಿ ಬಿಟ್ಟು ಅತ್ತಲೇ ತಿರುಗಿ ಕೂತೆ. ಕೆಲವು ದಿನ ಬಿಗುಮಾನದಲ್ಲಿದ್ದ ಮಹಾಶಯರು ಕೊನೆಗೆ ಬಂದು, ಕಲ್ಲಮ್ಮನೆದುರು ನಿಂತು, "ತಪ್ಪಾಯ್ತು ಕಣಮ್ಮ" ಎಂದರು. ಲೋಟ ನೆಟ್ಟಗಾಯಿತು. ವರ್ಗವಾಗುವವರೆಗೂ ಅವರು ತಮ್ಮ ಲೋಟ ತಾವೇ ತೊಳೆದಿಡುತ್ತಿದ್ದರು. ಇದು ಇತಿಹಾಸವಲ್ಲದಿದ್ದರೆ ಇನ್ಯಾವುದು ಸ್ವಾಮಿ?

ಜಗಲಿ ಬಿದ್ದ ದಿನ ಗಂಗಮ್ಮ ಅಳಲಿಲ್ಲ. ಧೂಳಿನ ನಡುವೆಯೇ ಒಂದು ಲೋಟ ತಂದು, ಉಳಿದ ಗೋಡೆಯ ಮೇಲೆ ಬೋರಲಿಟ್ಟರು. "ಯಾರ್ದು ಇದು?" ಎಂದೆ.

"ಜೆಸಿಬಿ ಕಳ್ಸಿದ್ದೋರ್ದು. ಬರ್ತಾರೆ ಬುಡಿ."

ಈ ವಾರ ಗುಬ್ಬಿಯ ಹೋಟೆಲಿನ ಮುಂದೆ ತಮ್ಮ ಜೀಪು ನಿಂತಾಗ ಹಾಲು ಒಡೆದಿತ್ತು. ಕುಣಿಗಲ್ಲಿನಲ್ಲಿ ಡಿಕಾಕ್ಷನ್ ಮುಗಿದಿತ್ತು. ಕೋರದಲ್ಲಿ ಸ್ಟೌ ಕೆಟ್ಟಿತ್ತು. ತಮ್ಮ ಗ್ರಹಚಾರವೆಂದುಕೊಂಡಿರೇನೋ. ಅಲ್ಲ, ಎಸ್‌ಟಿಡಿ ಬೂತಿನಲ್ಲಿ ಕೂತು ಆ ಹೋಟೆಲುಗಳಿಗೆಲ್ಲ ಫೋನ್ ಮಾಡಿದವನು ನಾನೇ. ಚೇಳೂರಿಗೆ ಹೋಗುವ ಯೋಚನೆಯಿದ್ದರೆ ಬಿಡಿ, ಅಲ್ಲಿಗೂ ಹೇಳಿಯಾಗಿದೆ.

ಆದ್ದರಿಂದ ಸೋಮವಾರ ಜೆಸಿಬಿ ಬರಕೂಡದು, ತಾವು ಬರಬೇಕು. ಜೀಪಿನಲ್ಲಲ್ಲ, ನಡೆದು. ಗಂಗಮ್ಮನ ಮುಂದೆ ತಪ್ಪಾಯಿತೆಂದು, ಜಗಲಿ ಕಟ್ಟಿಸಿಕೊಡಬೇಕು. ಅಲ್ಲಿಯ ತನಕ ಮನೆಯಲ್ಲೇ ಕುಡಿಯುತ್ತೇನೆ ಎನ್ನುವಿರೋ? ನಿನ್ನೆ ತಮ್ಮ ಶ್ರೀಮತಿಯವರು ಹೋಟೆಲಿಗೆ ಬಂದಿದ್ದರು. ಗೋಡೆಯ ಮೇಲಿನ ಲೋಟ ನೋಡಿ, "ಇದು ನಮ್ಮೆಜಮಾನ್ರದಾ?" ಎಂದರು. ಗಂಗಮ್ಮ ಹೂಂ ಎಂದರು.

"ಸರಿ, ಮನೇಲೂ ಹಂಗೇ ಇಡ್ತೀನಿ ಬಿಡಿ."

ಇಂತಿ,
ಜಗಲಿಯಿಲ್ಲದೆ ನಿಂತೇ ಕಾಫಿ ಕುಡಿಯುತ್ತಿರುವ, ಆದರೂ ಕುಡಿಯುತ್ತಿರುವ,
ಇದೇ ಊರಿನ ಸದಾಶಿವನಗರದ ಅಂಜನಮೂರ್ತಿ