ನಾನು ಕೂರುತ್ತಿದ್ದ ಕಡೆ

ಶನಿವಾರ, ಹದಿನಾಲ್ಕನೇ ತಾರೀಕು

ನಮ್ಮ ಮಗಳ ಅಪ್ಪನಿಗೆ,

ನಿಮ್ಮ ಪತ್ರ ಬುಧವಾರ ಬಂತು. ಎರಡು ಹಾಳೆ. ಒಂದೂಮುಕ್ಕಾಲು ಹಾಳೆಯಷ್ಟು ಕಾರಿನ ವಿಷಯ, ಕೊನೆಯಲ್ಲಿ ಮೂರು ಸಾಲು ನನ್ನ ವಿಷಯ. ಆದದ್ದು ಆಯಿತು, ಅಕ್ಕನ ಮನೆಯಲ್ಲಿ ಒಂದೂವರೆ ವರ್ಷ ಇದ್ದದ್ದು ಸಾಕು, ಕಾರು ರಿಪೇರಿಯಾದ ಮೇಲೆ ಅದರಲ್ಲೇ ಮನೆಗೆ ಬಂದುಬಿಡು ಎಂದಿದ್ದೀರಿ. ನೀವು ಬರೆದ ಕ್ರಮದಲ್ಲೇ ಉತ್ತರಿಸುತ್ತೇನೆ. ಮೊದಲು ಕಾರು.

ಅದರ ಮುಂಭಾಗ ಕುಣಿಯುತ್ತಿದೆ ಎಂದು ಮಗಳಿಗೆ ಫೋನಿನಲ್ಲಿ ಹೇಳಿದ್ದೆ. ಅಪ್ಪನಿಗೆ ಹೇಳಬೇಡ ಎಂದೂ ಹೇಳಿದ್ದೆ, ಹಾಗಾಗಿಯೇ ಹೇಳಿದ್ದಾಳೆ. ನೀವು ಕಳಿಸಿದ ಪಟ್ಟಿ ಅಚ್ಚುಕಟ್ಟಾಗಿದೆ. ಡ್ರೈವರ್ ಸೈಡಿಗೆ ಕಂಪನಿಯ ಹೊಸ ಶಾಕ್ ಅಬ್ಸಾರ್ಬರ್ ಒಂದು. ಇನ್ನೊಂದು ಕಡೆಗೆ ತೀರಾ ಬೇಕೆನಿಸಿದರೆ ಗುಜರಿಯದು. ರಬ್ಬರ್ ಬುಷ್‌ಗಳನ್ನು ಇನ್ನೊಂದು ವರ್ಷ ತಳ್ಳಬಹುದು. ಎರಡೂ ಕಡೆ ಬದಲಿಸಬೇಕು ಅಂತಾರೆ, ಕಿವಿಗೆ ಹಾಕ್ಕೋಬೇಡ, ಅದು ಅವರ ವ್ಯಾಪಾರ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೀರಿ. ಒಂದು ವರ್ಷದಿಂದ ಕಾರನ್ನು ಕಣ್ಣಿಂದ ನೋಡದ ನಿಮಗೆ, ಕೆಟ್ಟಿರುವುದು ಡ್ರೈವರ್ ಸೈಡೇ ಎಂದು ಹೇಗೆ ಗೊತ್ತಾಯಿತೋ ಎಂದುಕೊಂಡೆ. ಆದರೂ ಪಟ್ಟಿ ಮಡಚಿಕೊಂಡು ಗ್ಯಾರೇಜಿಗೆ ಹೋದೆ. ಇಪ್ಪತ್ತಾರು ವರ್ಷದ ಅಭ್ಯಾಸ, ಒಂದೂವರೆ ವರ್ಷಕ್ಕೆ ಹೋಗುವುದಿಲ್ಲ.

ನಾನು ಪರದೆ ಬಟ್ಟೆ ಕೊಳ್ಳುವ ಅಂಗಡಿಯ ಹಿಂದೆಯೇ ಆ ಗ್ಯಾರೇಜ್. ಮೇಸ್ತ್ರಿಗೆ ಅರವತ್ತರ ಮೇಲಾಗಿದೆ, ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ. ನಿಮ್ಮ ಪಟ್ಟಿಯನ್ನು ದೂರ ಹಿಡಿದು ಪೂರ್ತಿ ಓದಿ, ಬರೆದೋರು ಓದಿದೋರಮ್ಮಾ, ಆದ್ರೆ ಕಾರಿನ ಕೆಳಗೆ ಬಗ್ಗಿದೋರಲ್ಲ ಎಂದರು. ಬನ್ನಿ, ನೀವೇ ಒತ್ತಿ ನೋಡಿ ಎಂದು ಬಾನೆಟ್ಟಿನ ಮೂಲೆ ತೋರಿಸಿದರು.

ಡ್ರೈವರ್ ಕಡೆಯ ಮೂಲೆಯನ್ನು ಒತ್ತಿ ಬಿಟ್ಟೆ. ಇಳಿಯಿತು, ಎದ್ದಿತು, ನಿಂತಿತು. ಆಮೇಲೆ ಪಕ್ಕದ ಸೀಟಿನ ಕಡೆಯ ಮೂಲೆ. ಇಳಿಯಿತು, ಎದ್ದಿತು, ಮತ್ತೆ ಇಳಿಯಿತು, ನಾಲ್ಕು ಸಲ ತೂಗಾಡಿತು. ಮೇಸ್ತ್ರಿ, ಈ ಕಡೆ ಸೀಟಲ್ಲಿ ಯಾರು ಕೂರ್ತಿದ್ರಮ್ಮಾ ಎಂದು ಕೇಳಿದರು. ನಮ್ಮ ಮನೆಯಲ್ಲೇ ಒಬ್ಬರು ಎಂದೆ. ಅಯ್ಯೋ ಪಾಪ, ಅವರ ಸೊಂಟ ಏನಾಗಿರಬೇಡ ಎಂದರು.

ಚಕ್ರಗಳನ್ನು ಬಿಚ್ಚಿದಾಗ ಎಲ್ಲ ಕಣ್ಣಿಗೇ ಕಂಡಿತು. ನಿಮ್ಮ ಕಡೆಯ ಶಾಕ್ ಮೇಲೆ ಚೀಟಿ ಇನ್ನೂ ಓದುವಂತಿತ್ತು, ತಯಾರಾಗಿ ನಾಲ್ಕು ವರ್ಷ. ನನ್ನ ಕಡೆಯದು ಕಾರಿನ ಜೊತೆಗೇ ಹುಟ್ಟಿದ್ದು, ಹದಿನಾರು ವರ್ಷದ್ದು. ಒಳಗಿನ ಎಣ್ಣೆಯೆಲ್ಲ ಸೋರಿ, ಅದರ ಮೇಲೆ ಧೂಳು ಕೂತು ಕಪ್ಪು ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಮೇಸ್ತ್ರಿ ನಕ್ಕರು. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದು ಕಾಲಿಗೆ ಹರಕಲು, ಹಂಗೆ ನಡೀತೀರೇನಮ್ಮಾ ನೀವು?

ನಾಲ್ಕು ವರ್ಷದ ಹಿಂದಿನ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಕೀಲಿಯನ್ನು ಮೇಜಿನ ಮೇಲೆ ಎಸೆದು, ಮುಂದಿನದೆಲ್ಲ ಸರಿ ಮಾಡಿಸಿದೀನಿ, ಇನ್ನು ಹಂಸತೂಲಿಕಾತಲ್ಪದ ಮೇಲೆ ಕೂತ ಹಾಗೆ ಎಂದಿರಿ. ಮರುದಿನವೇ ಹೊರಟಾಗ, ಇನ್ನೂ ಎತ್ತಿ ಹಾಕುತ್ತಲ್ಲ ಎಂದೆ. ರೋಡು ಹಾಳಾಗಿದೆ ಕಣೇ, ಕಾರು ಸರಿಯಾಗೇ ಇದೆ ಎಂದಿರಿ. ಲೈಸೆನ್ಸ್ ನನಗೂ ಇತ್ತು, ಸ್ಟೀರಿಂಗ್ ಮಾತ್ರ ನಿಮ್ಮದು. ನನ್ನ ಸೀಟಿಗೆ ದಪ್ಪ ದಿಂಬು ಹೊಲಿದುಕೊಂಡೆ. ಒಳಗಿನ ಅಂದ ಕೆಟ್ಟಿತು ಎಂದು ಅದನ್ನು ಡಿಕ್ಕಿಗೆ ಹಾಕಿದಿರಿ. ಸೊಂಟದ ನೋವಿಗೆ ಡಾಕ್ಟರ ಹತ್ತಿರ ಹೋದಾಗ, ಇವಳಿಗೆ ಎಲ್ಲಾ ಸ್ವಲ್ಪ ಜಾಸ್ತೀನೇ ಅನ್ಸುತ್ತೆ ಡಾಕ್ಟ್ರೇ ಎಂದಿರಿ. ಡಾಕ್ಟರು ನಕ್ಕರು. ನಾನೂ ನಕ್ಕೆ. ನಾನು ನಕ್ಕದ್ದು ನಿಮ್ಮ ತಪ್ಪಲ್ಲ.

ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ನನಗೆ ಇಷ್ಟು ದಿನ ಸುಳ್ಳು ಹೇಳಿದಿರಲ್ಲ ಎಂದು ಕುದ್ದೆ. ಆಮೇಲೆ ನಿಮ್ಮ ಪಟ್ಟಿಯನ್ನು ಮತ್ತೆ ಬಿಡಿಸಿ ಓದಿದಾಗ ಗೊತ್ತಾಯಿತು, ನೀವು ಸುಳ್ಳು ಹೇಳಿರಲಿಲ್ಲ. ನೀವು ಕೂತ ಕಡೆ ಕುಲುಕುತ್ತಿತ್ತು, ಸರಿ ಮಾಡಿಸಿದಿರಿ, ಕುಲುಕುವುದು ನಿಂತಿತು. ನಿಮ್ಮ ಮಟ್ಟಿಗೆ ಕಾರು ನಿಜವಾಗಿಯೂ ಸರಿಯಾಗಿತ್ತು. ಸುಳ್ಳಾಗಿದ್ದರೆ ಎಷ್ಟೋ ವಾಸಿ. ಸುಳ್ಳು ಹೇಳುವವನು ಪಕ್ಕದಲ್ಲಿ ಯಾರೋ ಇದ್ದಾರೆ ಎಂದಾದರೂ ತಿಳಿದಿರುತ್ತಾನೆ.

ಏನೇನು ಹಾಕಿಸಿದೆ ಎಂದು ಕೇಳುತ್ತೀರಿ, ಅದನ್ನೂ ಬರೆಯುತ್ತೇನೆ. ಕಂಪನಿಯ ಶಾಕ್ ಬೇಡವೆಂದೆ. ಅದರ ಬೆಲೆಗೆ ಈ ಕಾರಿನ ಅರ್ಧ ಬರುತ್ತದೆ. ಗುಜರಿಯದು ಮೇಸ್ತ್ರಿಯೇ ಬೇಡವೆಂದರು. ಇನ್ನೊಬ್ಬರ ಕಾರಿಂದ ಅದನ್ನ ಯಾಕೆ ಬಿಚ್ಚಿದ್ರು ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆಮೇಲೆ ಗೊತ್ತಾಗೋದು ಬೇಡ ಎಂದರು. ಹೆಚ್ಚು ಹೆಸರಿಲ್ಲದ, ಒಂದು ವರ್ಷದ ಗ್ಯಾರಂಟಿಯ ಜೋಡಿಯೊಂದನ್ನು ಆರಿಸಿದೆ. ಎರಡೂ ಒಂದೇ ಪೆಟ್ಟಿಗೆಯಿಂದ ಬಂದವು. ನಿಮ್ಮ ಕಡೆಯದು ಇನ್ನೂ ಚೆನ್ನಾಗಿತ್ತು, ಅದನ್ನೂ ತೆಗೆಸಿದೆ. ದಂಡ ಎನ್ನುತ್ತೀರಿ, ಗೊತ್ತು. ಒಂದೇ ಕಿಟಕಿಗೆ ಒಂದು ಹಳೆಯ ಪರದೆ, ಒಂದು ಹೊಸದು ತೂಗುಹಾಕಿ ಬಂದರೆ ಗಿರಾಕಿಗಳು ಎರಡನೇ ಸಲ ನನ್ನನ್ನು ಕರೆಯುವುದಿಲ್ಲ.

ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿ ನನ್ನ ಟೇಪಿನಿಂದಲೇ ಅಳೆದೆ. ದಾರದೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ಹಳೆಯವನ್ನೇ ಹಾಕಿದರು. ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್ ಪೂರ್ತಿ ಬದಲಿಸದೆ, ಸೀಳಿಹೋಗಿದ್ದ ರಬ್ಬರ್ ಬುಷ್ ಮಾತ್ರ ಒತ್ತಿ ಕೂರಿಸಿದರು. ಉಳಿತಾಯ ಅಲ್ಲಾಯಿತು. ಚಕ್ರಗಳ ಅಲೈನ್‌ಮೆಂಟ್ ಅದೇ ದಿನ ಮಾಡಿಸಿದೆ. ಈಗ ಪಕ್ಕದ ಸೀಟಿನಲ್ಲಿ ಯಾರೂ ಕೂರುವುದಿಲ್ಲ, ಬಟ್ಟೆಯ ಥಾನುಗಳಿರುತ್ತವೆ. ಅವೂ ನೆಟ್ಟಗೆ ಕೂತಿವೆ.

ಇನ್ನು ನಿಮ್ಮ ಮೂರು ಸಾಲು. ನಾನು ಬರುವುದಿಲ್ಲ. ಆದದ್ದು ಆಯಿತು ಎಂದು ಬರೆದಿದ್ದೀರಿ. ಏನಾಯಿತು ಎಂದು ಎಲ್ಲಿಯೂ ಬರೆದಿಲ್ಲ. ಅಪ್ಪ ಇರೋದೇ ಹಾಗೆ ಕಣಮ್ಮಾ, ಬಿಡು, ಹೊಂದಿಕೊಂಡು ಹೋಗು ಎನ್ನುತ್ತಾಳೆ ಮಗಳು. ಅವಳು ಹಿಂದಿನ ಸೀಟಿನಲ್ಲಿ ಬೆಳೆದವಳು, ಅವಳಿಗೆ ಹಾಗೆ ಕಂಡರೆ ತಪ್ಪಿಲ್ಲ.

ಕಾರನ್ನು ನನ್ನ ಹೆಸರಿಗೆ ಮಾಡಿಸುವ ಅರ್ಜಿ ಜೊತೆಗಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಮೂರು ಕಡೆ ಸಹಿ ಮಾಡಿ ಕಳಿಸಿ. ಮೂರೂ ಕಡೆ.

ಇಂತಿ,
ನಿಮ್ಮ ಮಗಳ ಅಮ್ಮ

ಮರೆತಿದ್ದು: ಇಂದು ಸೋಮವಾರ. ಶನಿವಾರ ಬರೆದದ್ದನ್ನು ಅಂಚೆಗೆ ಹಾಕದೆ ಚೀಲದಲ್ಲಿ ಇಟ್ಟುಕೊಂಡಿದ್ದೆ. ನಿನ್ನೆ ಬೆಳಿಗ್ಗೆ, ಯಾರದೋ ಮನೆಗೆ ಅಳತೆಗೆ ಹೋಗಬೇಕು ಎಂದು ಅಕ್ಕನಿಗೆ ಹೇಳಿ ನಿಮ್ಮ ಬೀದಿಗೆ ಬಂದೆ. ಅಳತೆಗೆ ಯಾರೂ ಕರೆದಿರಲಿಲ್ಲ. ನೀವು ಬೀದಿಗೆ ಬೆನ್ನು ಮಾಡಿ ಕೂತು ಗೇಟಿನ ಕೆಳಭಾಗಕ್ಕೆ ಬಣ್ಣ ಹಚ್ಚುತ್ತಿದ್ದಿರಿ. ಹೋದ ವರ್ಷ ನನ್ನ ಸಾಮಾನು ಒಯ್ಯಲು ಬಂದಾಗೆಲ್ಲ, ತಿರುವಿನಲ್ಲೇ ಕಾರಿನ ಸದ್ದು ಕೇಳಿ ಎದ್ದು ನಿಲ್ಲುತ್ತಿದ್ದಿರಿ. ಈಗ ರಸ್ತೆಯ ಹಂಪಿನ ಮೇಲೂ ಅದು ಸದ್ದು ಮಾಡುವುದಿಲ್ಲ. ನಿಧಾನವಾಗಿ ಎರಡು ಸಲ ಹಾದುಹೋದೆ. ನೀವು ಒಮ್ಮೆ ತಿರುಗಿದ್ದರೂ ಕಾರು ನಿಲ್ಲಿಸಿ ಒಳಗೆ ಬಂದುಬಿಡುತ್ತಿದ್ದೆ, ಈ ಪತ್ರ ನಿಮಗೆ ಸಿಗುತ್ತಿರಲಿಲ್ಲ. ಹಾರನ್ ನನ್ನ ಕೈಯಡಿಯಲ್ಲೇ ಇತ್ತು. ಒತ್ತಲಿಲ್ಲ.