ಅರ್ಧ ಟಿಕೆಟ್ಟಿನ ಮೊಮ್ಮಗಳು

ಆಸ್ಪತ್ರೆ ದಾರಿಯ ಬಸ್ಸಿನ ಕಂಡಕ್ಟರಪ್ಪನಿಗೆ ಜಗಳಗಂಟಿ ಅಜ್ಜಿಯ ಆಶೀರ್ವಾದ.

ನನ್ನ ಮೊಮ್ಮಗಳಿಗೆ ನೀನು ಅರ್ಧ ಟಿಕೆಟ್ ಹರಿದದ್ದು ನೆನಪಿದೆಯಾ? "ಇದು ಹೆತ್ತ ಮಗು ಅಲ್ಲಪ್ಪಾ, ಕಂಪನಿಯವರು ಮಾಡಿದ್ದು. ಯಂತ್ರಕ್ಕೆ ಎಂಥಾ ಟಿಕೆಟ್ಟು?" ಎಂದು ನಾನು ಬಾಯಿ ಜೋರು ಮಾಡಿದ್ದೆ. "ಕಿಟಕಿ ಪಕ್ಕಾನೇ ಬೇಕು ಅಂತ ಮುಖ ಊದಿಸ್ಕೊಂಡು ಕೂತಿದ್ದಾಳಲ್ಲಜ್ಜಿ, ಯಂತ್ರ ಹಟ ಮಾಡುತ್ತಾ? ಸುಮ್ನೆ ದುಡ್ಡು ತೆಗೀರಿ" ಅಂದೆ ನೀನು. ನಿನ್ನ ಮೇಲೆ ದೂರು ಕೊಡಬೇಕೆಂದೇ ಆ ಚೀಟಿಯನ್ನು ಎತ್ತಿಟ್ಟಿದ್ದೆ.

ಆಮೇಲೆ ಆ ಕಂಪನಿ, "ಅದು ನಮ್ಮ ಸಾಮಾನು, ವಾಪಸ್ ಕೊಡಿ" ಎಂದು ಕೋರ್ಟಿಗೆ ಹೋಯಿತು. ಕೈಗೂಸಾಗಿದ್ದಾಗಿನಿಂದ ಇವಳನ್ನು ಸಾಕಿದ ನನ್ನ ಮಗಳು, "ನಾನೇ ಇವಳ ತಾಯಿ" ಎಂದು ನಿಂತಳು. ಮನೆಯವರಲ್ಲದೆ ಬೇರೆ ಯಾರಾದರೂ ಇವಳನ್ನು ಮಗು ಎಂದು ಒಪ್ಪಿದ್ದಾರಾ ಎಂದು ಜಡ್ಜಮ್ಮ ಕೇಳಿದರು. ಶಾಲೆಯವರು ಸೇರಿಸಿಕೊಂಡಿರಲಿಲ್ಲ, ಡಾಕ್ಟರು ಮುಟ್ಟಿ ನೋಡಿರಲಿಲ್ಲ. ನಾನು ಸೊಂಟದ ಚೀಲದಿಂದ ನಿನ್ನ ಟಿಕೆಟ್ ತೆಗೆದು ಮುಂದಿಟ್ಟೆ. ಜಡ್ಜಮ್ಮ ಅದನ್ನು ತಿರುಗಿಸಿ ನೋಡಿ, "ಸಾಮಾನಿಗೆ ಯಾರಾದ್ರೂ ಅರ್ಧ ಟಿಕೆಟ್ ಕೊಡ್ತಾರಾ?" ಎಂದು ಕಂಪನಿಯ ವಕೀಲನನ್ನು ಕೇಳಿದರು.

ನಿನ್ನೆ ತೀರ್ಪು ಬಂತು. ಇವಳು ಯಾರ ಸ್ವತ್ತೂ ಅಲ್ಲ, ನನ್ನ ಮಗಳ ಮಗಳು. ನಿನ್ನ ಹೊಟ್ಟೆ ತಣ್ಣಗಿರಲಿ.

ಬರುವ ಸೋಮವಾರ ಇವಳನ್ನು ಶಾಲೆಗೆ ಸೇರಿಸಲು ನಿನ್ನ ಬಸ್ಸಿಗೇ ಬರುತ್ತೇವೆ. ಅರ್ಧ ಟಿಕೆಟ್ಟಿನ ದುಡ್ಡನ್ನು ಕೈಯಲ್ಲೇ ಹಿಡಿದಿರುತ್ತೇನೆ, ಜಗಳವಿಲ್ಲ. ಕಿಟಕಿ ಪಕ್ಕದ ಸೀಟು ಮಾತ್ರ ಹಿಡಿದಿಡು. ಇಲ್ಲದಿದ್ದರೆ ಜಗಳ ಆಡೇ ಆಡುತ್ತೇನೆ.

ಇಂತಿ,
ಈಗ ಕೋರ್ಟೂ ಒಪ್ಪಿದ ಅಜ್ಜಿ